ಉಣ್ಣೆಗಣಜದ ಅಡಿಪದರದವರಿಗೆ

ಕರೇಬಂಡೆ,
ಆರುನೂರ ನಲವತ್ತೊಂದನೆಯ ಕತ್ತರಿ,
ಚಳಿ ತಿಂಗಳ ನಲವತ್ನಾಲ್ಕನೆಯ ದಿನ.

ಅಡಿಪದರದ ಹಿರಿಯರಿಗೆ ಕಣಜಗಿತ್ತಿ ಹಾಲವ್ವನ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ತಿಂಗಳಿಗೆ ನಲವತ್ನಾಲ್ಕು ದಿನ ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ನಮ್ಮಲ್ಲಿ ತಿಂಗಳು ಮುಗಿಯುವುದು ಚಂದ್ರನನ್ನು ನೋಡಿ ಅಲ್ಲ, ಹವೆ ಬದಲಾದಾಗ. ಈ ಸಲ ಚಳಿ ಹೊರಡುವ ಲಕ್ಷಣವೇ ಕಾಣುತ್ತಿಲ್ಲ. ವರ್ಷಗಳನ್ನೂ ನಾವು ಎಣಿಸುವುದಿಲ್ಲ, ಕುರಿಯ ಉಣ್ಣೆ ಕತ್ತರಿಸುವ ಸರದಿಯನ್ನು ಎಣಿಸುತ್ತೇವೆ. ವರ್ಷಕ್ಕೆ ಎರಡು ಕತ್ತರಿ. ಹೀಗಾಗಿ ನಿಮಗೂ ನನಗೂ ನಡುವೆ ನಿಮ್ಮ ಲೆಕ್ಕದ ಮುನ್ನೂರ ಇಪ್ಪತ್ತು ವರ್ಷಗಳಿವೆ. ಒಂದೆರಡು ಹೆಚ್ಚುಕಡಿಮೆ ಇರಬಹುದು, ಮಳೆ ತಪ್ಪಿದ ವರ್ಷ ಕತ್ತರಿಯೂ ತಪ್ಪಿದ್ದುಂಟು.

ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನಮ್ಮ ಶಾಲೆಯ ಪೆಟ್ಟಿಗೆಯಲ್ಲಿ ಉಳಿದಿರುವ ಮೂರು ಕಾಗದಗಳಿಂದ. ಒಂದು ಮದುವೆಯ ಕರೆಯೋಲೆ. ಇನ್ನೊಂದು, ಹಣ ಕಟ್ಟದಿದ್ದರೆ ದೀಪದ ತಂತಿ ಕತ್ತರಿಸುತ್ತೇವೆಂದು ಯಾರೋ ಯಾರಿಗೋ ಕೊಟ್ಟ ಸೂಚನೆ. ಮೂರನೆಯದು ಮಕ್ಕಳ ಪಾಠದ ಹಾಳೆ, "ಕುರಿಯು ಒಂದು ಸಾಧು ಪ್ರಾಣಿ" ಎಂದು ಶುರುವಾಗುತ್ತದೆ. ಅದನ್ನು ಬರೆದ ಮಹನೀಯರು ನಮ್ಮ ಟಗರುಗಳನ್ನು ನೋಡಿರಲಿಲ್ಲ. ಕರೆಯೋಲೆಯ ಭಾಷೆ ಈ ಪತ್ರಕ್ಕೆ ಹೊಂದುವುದಿಲ್ಲ, ನಾನು ಸಂಭ್ರಮದಲ್ಲಿಲ್ಲ. ಸೂಚನೆಯ ಭಾಷೆಯೂ ಬೇಡ, ನಿಮ್ಮನ್ನು ಹೆದರಿಸುವಷ್ಟು ನನಗೆ ಧೈರ್ಯವಿಲ್ಲ. ಹಾಗಾಗಿ ಪಾಠದ ಹಾಳೆಯವರ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತೇನೆ.

ನಾನು ಹುಟ್ಟಾ ಅಂಜುಬುರುಕಿ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಲೆಯ ಮೇಲೆ ಹಾಲು ಉಕ್ಕಿದರೂ ಎದೆ ಹಿಡಿದುಕೊಳ್ಳುವವಳು. ಆದರೆ ಈಗ ಬರೆಯುತ್ತಿರುವ ಭಯ ಆ ಜಾತಿಯದಲ್ಲ. ನನಗೆ ನಿಮ್ಮಿಂದ ಒಂದು ವಸ್ತು ಬೇಕಾಗಿದೆ, ನಾಳೆಯೇ ಬೇಕಾಗಿದೆ. ಯಾಕೆ ಬೇಕು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಕರೇಬಂಡೆ ಬಯಲುಸೀಮೆಯ ಊರು. ಸುತ್ತಲೂ ಬಂಡೆ, ಜಾಲಿ, ಬನ್ನಿ. ನವಣೆ, ಸಜ್ಜೆ ಬೆಳೆಯುತ್ತವೆ, ಆದರೆ ಎಲ್ಲರ ಹೊಟ್ಟೆಗೆ ಸಾಲುವಷ್ಟಲ್ಲ. ನಮ್ಮ ಆಸ್ತಿ ಎಂದರೆ ಕುರಿ. ನಿಮ್ಮ ಕಾಲದವಕ್ಕಿಂತ ಗಿಡ್ಡ ಎನ್ನುತ್ತಾರೆ, ಉಣ್ಣೆ ಮಾತ್ರ ಕಪ್ಪಗೆ, ದಟ್ಟವಾಗಿ ಬರುತ್ತದೆ. ನಿಮ್ಮ ನಕ್ಷೆಯಲ್ಲಿ ಕರಾವಳಿ ಇರುವ ಕಡೆ ಈಗ ನೀರಿದೆ. ಸಮುದ್ರ ಘಟ್ಟದ ಬುಡಕ್ಕೆ ಬಂದು ನಿಂತಿದೆ. ಅಲ್ಲಿಯವರನ್ನು ನಾವು ಕೆಳನಾಡಿನವರು ಎನ್ನುತ್ತೇವೆ. ಅವರು ತೆಪ್ಪಗಳ ಮೇಲೆ ಮಣ್ಣು ಹರವಿ ತೇಲುಗದ್ದೆ ಮಾಡಿ ಭತ್ತ ಬೆಳೆಯುತ್ತಾರೆ. ಅವರ ಭತ್ತದ ಬೀಜಕ್ಕೆ ಸೆಖೆ ಒಗ್ಗುವುದಿಲ್ಲ, ಮೊಳಕೆಯ ಶಕ್ತಿ ಹೋಗುತ್ತದೆ. ಅದಕ್ಕಾಗಿ ತಂಪುಗೂಡುಗಳನ್ನು ಕಟ್ಟಿಕೊಂಡಿದ್ದಾರೆ. ತಂಪುಗೂಡು ಎಂದರೆ ಒಂದು ಕೋಣೆ. ಬಿಸಿಲಿನಿಂದ ಓಡುವ ಯಂತ್ರ ಹಗಲಲ್ಲಿ ಅಲ್ಲಿ ಮಂಜುಗಡ್ಡೆ ಮಾಡುತ್ತದೆ, ಸುತ್ತಲೂ ಎರಡು ಮೊಳ ದಪ್ಪ ಉಣ್ಣೆಯ ಗೋಡೆ ಆ ಮಂಜನ್ನು ಕಾಯುತ್ತದೆ. ಉಣ್ಣೆ ಇಲ್ಲದಿದ್ದರೆ ಮಂಜು ಸಂಜೆಗೇ ನೀರು. ಬೀಜವಷ್ಟೇ ಅಲ್ಲ, ಕೆಡುವಂಥ ಔಷಧಗಳನ್ನೂ ಅಲ್ಲೇ ಇಡುತ್ತಾರೆ.

ಹೀಗೆ ಅವರಿಗೆ ನಮ್ಮ ಉಣ್ಣೆ ಬೇಕು, ನಮಗೆ ಅವರ ಅಕ್ಕಿ, ಉಪ್ಪು, ಒಣಮೀನು, ಔಷಧ ಬೇಕು. ನಮ್ಮ ಉಣ್ಣೆಯೆಲ್ಲ ಕೂಡುವ ಜಾಗವೇ ಉಣ್ಣೆಗಣಜ. ಊರ ನಡುವಿನ ಕಲ್ಲಿನ ಗೋಪುರ, ದುಂಡಗಿದೆ, ಮೂವತ್ತು ಮೊಳ ಎತ್ತರ. ಅದರ ನೆಲದ ಕೆಳಗೆ, ಕಲ್ಲುಚಪ್ಪಡಿ ಮುಚ್ಚಿದ ಹಗೇವು ಇದೆ. ನೀವು ಧಾನ್ಯ ತುಂಬಿಡುತ್ತಿದ್ದಿರಲ್ಲ, ಅಂಥದೇ ನೆಲದೊಳಗಿನ ಗುಂಡಿ. ಆ ಹಗೇವಿನಲ್ಲಿರುವುದು ನಿಮ್ಮ ಕಂಬಳಿಗಳು. ಮೊದಲ ಕತ್ತರಿಯ ಜನ ತಮ್ಮ ಮನೆಯ ಕಂಬಳಿ, ಉಣ್ಣೆಗಳನ್ನು ಅಲ್ಲಿ ತುಂಬಿಸಿ, ಮೇಲೆ ಗೋಪುರ ಕಟ್ಟಿದರಂತೆ. ಅದೇ ಅಡಿಪದರ. ಅದನ್ನು ಹಾಕಿದವರು ನೀವು. ಇನ್ನೂ ಹಾಕಿಲ್ಲವಾದರೆ ಮುಂದೆ ಹಾಕುವವರು ನೀವು. ಆಗ ಉಣ್ಣೆಗೆ ಗಿರಾಕಿಯೇ ಇರಲಿಲ್ಲವಂತೆ. ಮಣ್ಣೆಣ್ಣೆಯಿಂದ ನೂಲು ತೆಗೆದು ಹಗುರ ಹೊದಿಕೆ ಮಾಡುವುದನ್ನು ಜನ ಕಲಿತು, ಕತ್ತರಿಸಿದ ಉಣ್ಣೆಯನ್ನು ದಾರಿ ಬದಿಗೆ ಸುರಿದು ಹೋಗುತ್ತಿದ್ದರಂತೆ. ನಮ್ಮ ಮಕ್ಕಳಿಗೆ ಈ ಕಥೆ ಹೇಳಿದರೆ ಅಜ್ಜಿ ಸುಳ್ಳು ಹೇಳುತ್ತಾಳೆ ಎಂದು ನಗುತ್ತವೆ.

ಕಣಜದ ಒಳಗೋಡೆಯ ಮೇಲೆ ಅಡಿಯಿಂದ ಮುಡಿಯವರೆಗೆ ಗೆರೆಗಳಿವೆ. ಉಣ್ಣೆಯ ರಾಶಿ ಯಾವ ಕತ್ತರಿಯಲ್ಲಿ ಎಲ್ಲಿಯವರೆಗೆ ಇತ್ತು ಎಂದು ಆಯಾ ಕಾಲದ ಕಣಜಗಿತ್ತಿ, ಅಂದರೆ ಕಣಜ ಕಾಯುವ ಹೆಂಗಸು, ಕಲ್ಲಿನ ಮೇಲೆ ಎಳೆದ ಗೆರೆ, ಪಕ್ಕದಲ್ಲಿ ಅವಳದೊಂದು ಮಾತು. ಉಳಿದವರು ನೋಡುವುದು ಮೇಲಿನ ಕಿಟಕಿಯಿಂದ, ಅವರಿಗೆ ಕಾಣುವುದು ಕೊನೆಯ ಗೆರೆ ಮಾತ್ರ. ಗೋಡೆಗೂ ರಾಶಿಗೂ ನಡುವೆ ಒಬ್ಬರು ನುಸುಳುವಷ್ಟು ಸಂದಿ ಬಿಟ್ಟಿರುತ್ತೇವೆ. ಅಲ್ಲಿ ಇಳಿದು ಹಳೆಯ ಗೆರೆಗಳನ್ನು ಓದುವ ಹಕ್ಕು ನನ್ನೊಬ್ಬಳದು. ಮೊದಮೊದಲ ಗೆರೆಗಳು ಮೇಲೆ ಕೆಳಗೆ ಆಡುತ್ತವೆ. ಕತ್ತರಿ ಮುಗಿದಾಗ ಏರುತ್ತದೆ, ಬಂಡಿಗಳು ಕೆಳನಾಡಿಗೆ ಹೋದಾಗ ಇಳಿಯುತ್ತದೆ. ಅಲ್ಲೊಬ್ಬಳು ಬರೆದಿದ್ದಾಳೆ: "ಗೆರೆ ಮೊಣಕಾಲಿಗೆ ಇಳಿಯಿತು. ಎಲ್ಲ ಹೋಯಿತು. ಸಂತೋಷ." ಇನ್ನೂರ ಎಪ್ಪತ್ತನೆಯ ಕತ್ತರಿಯ ಹೊತ್ತಿಗೆ ಬೇರೆ ಕೈಬರಹ: "ಈ ಸಲವೂ ಬಂಡಿ ಬರಲಿಲ್ಲ. ಗೆರೆ ಏರಿದೆ. ಊರಲ್ಲಿ ಯಾರ ಮುಖದಲ್ಲೂ ಕಳೆ ಇಲ್ಲ." ಕೆಳನಾಡಿನವರು ಹಳೆಯ ಉಣ್ಣೆಗೋಡೆಗಳಿಗೆ ಜೊಂಡಿನ ತೇಪೆ ಹಾಕಿಕೊಂಡು ಕಾಲ ತಳ್ಳುವುದನ್ನು ಕಲಿತ ಕಾಲ ಅದು. ಅಲ್ಲಿಂದ ನಲವತ್ತು ಕತ್ತರಿ ದಾಟಿದ ಮೇಲೆ ಇನ್ನೊಬ್ಬಳ ಬರಹ: "ಗೆರೆ ಏರಿತು. ಸಂತೋಷ." ಅದೇ ಪದ, ಅರ್ಥ ತಿರುವುಮುರುವು. ನಡುವೆ ಏನಾಯಿತೆಂದು ಯಾರೂ ಬರೆದಿಲ್ಲ. ನನಗನ್ನಿಸುವುದು, ಏನೂ ಆಗಲಿಲ್ಲ, ಜನ ಒಗ್ಗಿಕೊಂಡರು ಅಷ್ಟೆ.

ಆಗ ಶುರುವಾದದ್ದೇ ಗೆರೆಮಾತು. ನಿಮ್ಮ ಉಣ್ಣೆ ಇವತ್ತು ಬೇಡ, ಮುಂದೊಂದು ದಿನ ಬೇಕಾದೀತು, ಅಂದು ಇದೆಲ್ಲ ನಮ್ಮದು ಎಂದು ಹೇಳಿ ಕೆಳನಾಡಿನವರು ವರ್ಷ ವರ್ಷವೂ ಅಕ್ಕಿ ಕಳಿಸತೊಡಗಿದರು. ಗೆರೆ ಎಷ್ಟು ಎತ್ತರವೋ ಅಕ್ಕಿ ಅಷ್ಟು. ವರ್ಷಕ್ಕೊಮ್ಮೆ ಅವರ ಕಡೆಯ ಇಬ್ಬರು ಬಂದು, ಏಣಿ ಹತ್ತಿ, ಮೇಲಿನ ಕಿಟಕಿಯಿಂದ ಗೆರೆ ನೋಡಿ, ಕೂಗಿ ಹೇಳುತ್ತಾರೆ. ಉಣ್ಣೆ ಕಣಜದಲ್ಲೇ ಇರುತ್ತದೆ. ಘಟ್ಟ ಇಳಿಸುವ ತೊಂದರೆಯಿಲ್ಲ, ಹಾದಿಯಲ್ಲಿ ನೆನೆಯುವ ಭಯವಿಲ್ಲ. ಅವರು ನಮ್ಮ ಗೆರೆಮಾತನ್ನೇ ದ್ವೀಪದ ಬೆಸ್ತರಿಗೆ ಹೇಳಿ ಮೀನು ತರಿಸುತ್ತಾರೆ. ಬೆಸ್ತರು ಅದನ್ನೇ ಹೇಳಿ ಇನ್ನೆಲ್ಲಿಂದಲೋ ಮರ ತರಿಸುತ್ತಾರೆ. ನಮ್ಮ ಉಣ್ಣೆಯ ಒಂದು ಎಳೆಯೂ ಅಲ್ಲಾಡದೆ ಐದು ಊರುಗಳ ಒಲೆ ಉರಿಯುತ್ತಿತ್ತು. ಹೆಣ್ಣು ನೋಡಲು ಬಂದವರು ಹುಡುಗಿಯ ಮುಖ ನೋಡುವ ಮೊದಲು ಊರಿನ ಗೆರೆ ಕೇಳುತ್ತಿದ್ದರು. ಬೆಳಿಗ್ಗೆ ಎದುರು ಸಿಕ್ಕವರು ಊಟವಾಯಿತೆ ಎನ್ನುತ್ತಿರಲಿಲ್ಲ, ಗೆರೆ ನಿಂತಿದೆಯೆ ಎನ್ನುತ್ತಿದ್ದರು. ನಿಂತಿದೆ ಎನ್ನುವುದೇ ಉತ್ತರ.

ಗೆರೆ ನಿಂತಿತ್ತು, ನಿಜ. ಆದರೆ ನಿಲ್ಲಿಸಲು ಎಷ್ಟು ಬೇಕಾಗುತ್ತಿತ್ತು ಎಂಬುದು ನನಗೆ ಮಾತ್ರ ಗೊತ್ತಿತ್ತು. ನಾನು ಈ ಕೆಲಸಕ್ಕೆ ಬಂದಾಗ ಒಂದು ಕತ್ತರಿಯ ಉಣ್ಣೆ ಸುರಿದರೆ ಗೆರೆ ಒಂದು ಗೇಣು ಏರುತ್ತಿತ್ತು. ಬರಬರುತ್ತಾ ನಾಲ್ಕು ಬೆರಳು, ಆಮೇಲೆ ಎರಡು. ಕೊನೆಗೆ ಇಡೀ ಊರಿನ ಉಣ್ಣೆ ಸುರಿದರೂ ಗೆರೆ ಇದ್ದಲ್ಲೇ. ಹಿರಿಯರನ್ನು ಕೇಳಿದೆ. ಉಣ್ಣೆ ಕೂರುತ್ತದೆ ಎಂದರು. ನಮ್ಮಲ್ಲಿ ಇದು ಭಕ್ತಿಯಿಂದ ಆಡುವ ಮಾತು. ಹಿರಿಯ ಉಣ್ಣೆ ಕಿರಿಯ ಉಣ್ಣೆಗೆ ಜಾಗ ಕೊಟ್ಟು ಕೂರುತ್ತದೆ, ಅದನ್ನು ಕದಲಿಸಬಾರದು, ಹೊಸದನ್ನು ಯಾವಾಗಲೂ ಮೇಲೆಯೇ ಹಾಕಬೇಕು. ಅಪ್ಪಿತಪ್ಪಿ ಯಾರಿಗಾದರೂ ಉಣ್ಣೆ ಕೊಡಬೇಕಾದರೂ ಮೇಲಿನದನ್ನೇ ಕೊಡಬೇಕು, ಕೆಳಗಿನದಕ್ಕೆ ಕೈಹಾಕುವುದು ಮಲಗಿದ ಅಜ್ಜನ ಹೊದಿಕೆ ಎಳೆದಂತೆ. ಇಂಥ ತಪ್ಪನ್ನು ಬೇರೆ ಯಾವ ಊರಿನವರೂ ಮಾಡಲಾರರು, ನಾವು ಗೌರವ ಕೊಟ್ಟೇ ಉಣ್ಣೆಯನ್ನು ಹಾಳು ಮಾಡಿದೆವು.

ಇಪ್ಪತ್ತೆರಡು ಕತ್ತರಿಗಳ ಹಿಂದೆ, ಅಂದರೆ ಹನ್ನೊಂದು ವರ್ಷಗಳ ಹಿಂದೆ, ಮಳೆಗಾಲ ಮುಗಿದ ಮೇಲೆ ಸಂದಿಯಲ್ಲಿ ಒಂದು ವಾಸನೆ ಬರತೊಡಗಿತು. ರಾಶಿ ಜಾರದಿರಲೆಂದು ಸುತ್ತಲೂ ಹಲಗೆಯ ಕಟ್ಟು ಇದೆ, ಹಲಗೆಗಳ ನಡುವೆ ಗಾಳಿಗೆಂದು ಬಿಟ್ಟ ಕಿಂಡಿಗಳಿವೆ. ಸೊಂಟದ ಎತ್ತರದ ಒಂದು ಕಿಂಡಿಗೆ ಮಣ್ಣು ಮೆತ್ತಿತ್ತು. ನಾನು ಅದನ್ನು ಕೆರೆದು ತೆಗೆದೆ. ಒಳಗೆ ಇನ್ನೊಂದು ಮಣ್ಣಿನ ಪದರ, ಹಳೆಯದು. ಅದನ್ನೂ ತೆಗೆದೆ. ಅದರೊಳಗೆ ಮತ್ತೊಂದು, ಅದರ ಮೇಲೆ ಮೆತ್ತಿದವಳ ಬೆರಳಿನ ಗುರುತುಗಳು ಹಾಗೆಯೇ ಇದ್ದವು. ಅದನ್ನು ತೆಗೆದು ತೋಳು ಒಳಗಿಟ್ಟೆ. ಮೊಣಕೈವರೆಗೆ ಉಣ್ಣೆ ಸಿಕ್ಕಿತು. ಅಲ್ಲಿಂದಾಚೆ ಹುಡಿ. ಬೂದಿಯಂಥ ಹುಡಿ, ಬೆಚ್ಚಗಿತ್ತು, ಅದರಲ್ಲಿ ನುಸಿ ಮಿಜಿಮಿಜಿ ಎನ್ನುತ್ತಿತ್ತು. ಭುಜದವರೆಗೆ ತೋಳು ತೂರಿಸಿದರೂ ಒಂದು ಎಳೆ ಬೆರಳಿಗೆ ಸಿಕ್ಕಲಿಲ್ಲ. ನನಗಿಂತ ಮೊದಲು ಮೂವರು ಹೀಗೆಯೇ ತೋಳಿಟ್ಟು, ಹೀಗೆಯೇ ಹೆದರಿ, ಮಣ್ಣು ಮೆತ್ತಿ ಹೋಗಿದ್ದರು.

ನಾನೂ ಮೆತ್ತಿದೆ. ಯಾಕೆಂದು ಹೇಳುತ್ತೇನೆ, ಮುಚ್ಚಿಟ್ಟು ನನಗಿನ್ನು ಆಗಬೇಕಾದದ್ದೇನೂ ಇಲ್ಲ. ಗೆರೆ ನೋಡುವ ದಿನಕ್ಕೆ ಹನ್ನೆರಡು ದಿನ ಉಳಿದಿತ್ತು. ನನ್ನ ಒಬ್ಬಳೇ ಮಗಳು ಕೆಂಚವ್ವನಿಗೆ ಕೆಳನಾಡಿನಿಂದ ಸಂಬಂಧ ಬಂದಿತ್ತು. ಗಂಡಿನ ಮನೆಯವರು ಗೆರೆ ನೋಡುವವರ ಜೊತೆಯಲ್ಲೇ ಬರುವವರಿದ್ದರು. ಹುಡುಗ ಒಳ್ಳೆಯವನು, ಕೆಂಚವ್ವ ಅವನನ್ನು ಮೆಚ್ಚಿದ್ದಳು. ಮದುವೆ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಮದುವೆ ಮುಗಿಯಿತು. ಬಸುರಿಯಾದಳು, ಹೆರಿಗೆ ಆಗಲಿ ಎಂದುಕೊಂಡೆ. ಮೊಮ್ಮಗಳು ಹುಟ್ಟಿದಳು, ಮುತ್ತಿ ಎಂದು ಹೆಸರಿಟ್ಟರು. ಆಮೇಲೆ ಕಾರಣ ಹುಡುಕುವುದನ್ನೂ ಬಿಟ್ಟೆ. ಪ್ರತಿ ಗೆರೆಯ ದಿನವೂ ಹೊಸ ಉಣ್ಣೆಯನ್ನು ಕೈಯಿಂದ ಹಿಂಜಿ ಹಿಂಜಿ ಉಬ್ಬಿಸಿ ಮೇಲೆ ಹರವುತ್ತಿದ್ದೆ. ನಿಂತಿದೆ ಎಂದು ಮೇಲಿಂದ ಕೂಗಿದಾಗ ಕೆಳಗೆ ಎಲ್ಲರ ಜೊತೆ ನಾನೂ ತಲೆಯಾಡಿಸುತ್ತಿದ್ದೆ. ಮನೆಗೆ ಬಂದು ಅವರ ಅಕ್ಕಿಯದೇ ಅನ್ನ ಬಡಿಸಿಕೊಳ್ಳುತ್ತಿದ್ದೆ.

ಮುತ್ತಿಗೆ ಐದು ವರ್ಷವಾದಾಗ ಸಕ್ಕರೆ ಕಾಯಿಲೆ ಕಾಣಿಸಿತು. ಮುದುಕರಿಗೆ ಬರುವಂಥದಲ್ಲ, ಮಕ್ಕಳಿಗೆ ಬರುವ ಕೆಟ್ಟ ಬಗೆಯದು. ದಿನಕ್ಕೆ ಎರಡು ಸಲ ಸೂಜಿಮದ್ದು ಬೇಕು, ತಪ್ಪಿದರೆ ಉಳಿಯುವುದಿಲ್ಲ. ಆ ಮದ್ದು ತಂಪಿನಲ್ಲಿಯೇ ಇರಬೇಕು, ಹೊರಗಿಟ್ಟರೆ ಆ ಸೆಖೆಯಲ್ಲಿ ಬೇಗನೆ ನೀರಿಗೆ ಸಮ. ಅವಳನ್ನು ಇಲ್ಲಿಗೆ ಕರೆತರೋಣವೆಂದರೆ ನಮ್ಮಲ್ಲಿ ತಂಪುಗೂಡೇ ಇಲ್ಲ, ಉಣ್ಣೆಯಿದೆ ಎಂದು ಹೇಳಿಕೊಳ್ಳುವವರು ಮಂಜುಗಡ್ಡೆ ಕಂಡವರಲ್ಲ. ಮಗಳು ಮೊಮ್ಮಗಳು ಇರುವ ಊರು ತೇಲುಕೊಪ್ಪ, ನೀರಿನ ನಡುವಿನ ಮೂವತ್ತು ಮನೆ. ಇನ್ನೊಂದು ತಂಪುಗೂಡಿಗೆ ದೋಣಿಯಲ್ಲಿ ಮೂರು ದಿನದ ದಾರಿ, ಅಷ್ಟು ದಿನ ಮದ್ದು ತಂಪಿಲ್ಲದೆ ಉಳಿಯುವುದಿಲ್ಲ.

ಈ ತಿಂಗಳ ಮೂವತ್ತೊಂದನೆಯ ದಿನ ಕೆಳನಾಡಿನಿಂದ ಐತಪ್ಪ ಎಂಬವರು ಬಂದರು. ಅವರು ಗೆರೆ ನೋಡುವ ಇಬ್ಬರಲ್ಲಿ ಹಿರಿಯರು, ನಗುಮುಖದವರು. ಈ ಸಲ ನಗಲಿಲ್ಲ. ಅವರ ಕಡೆ ಕಂಡುಕೇಳರಿಯದ ಬಿರುಗಾಳಿ ಬೀಸಿ ಉಪ್ಪುನೀರು ನುಗ್ಗಿದೆ. ಹನ್ನೊಂದು ತಂಪುಗೂಡುಗಳ ಗೋಡೆ ನೆನೆದು, ಕೊಳೆತು, ಕಿತ್ತುಹೋಗಿದೆ. ತೇಪೆ ಹಾಕಲು ಜೊಂಡೂ ಉಳಿದಿಲ್ಲ. ಬೀಜವನ್ನು ಒದ್ದೆ ಗೋಣಿಗಳಲ್ಲಿ ಸುತ್ತಿ, ಮಂಜನ್ನು ಮರದ ಪುಡಿಯಲ್ಲಿ ಹೂತು ಹೇಗೋ ದಿನ ನೂಕುತ್ತಿದ್ದಾರೆ. ನಾನು ಅಭ್ಯಾಸದಂತೆ ಏಣಿ ತರಿಸಲು ಹೊರಟೆ. ಅವರು ಕೈಯೆತ್ತಿ ತಡೆದರು.

"ಗೆರೆ ನೋಡ್ಲಿಕ್ಕೆ ಬಂದದ್ದಲ್ಲ ಹಾಲಮ್ಮ. ಉಣ್ಣೆ ಬೇಕಿತ್ತು. ನಲ್ವತ್ತು ಬಂಡಿ ಹಿಂದಿನಿಂದ ಬರ್ತಾ ಉಂಟು, ಇನ್ನು ಹದಿನೈದು ದಿನದಲ್ಲಿ ಇಲ್ಲಿ ಮುಟ್ತದೆ."

ಆಮೇಲೆ ನನ್ನ ಮಗಳು ಹೇಳಿ ಕಳಿಸಿದ ಮಾತನ್ನೂ ಒಪ್ಪಿಸಿದರು. ಅಮ್ಮನ ಕಣಜದಲ್ಲಿ ಉಣ್ಣೆ ಇರುವಾಗ ಮುತ್ತಿಯ ಮದ್ದಿಗೆ ಏನೂ ಆಗುವುದಿಲ್ಲ, ತನಗೆ ಒಂದಿಷ್ಟೂ ಹೆದರಿಕೆಯಿಲ್ಲ ಎಂದು ಹೇಳಿದ್ದಳಂತೆ. ನಾನು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತೆ. ಮಗಳ ನೆನಪಾಗಿ ಹೀಗಾಯಿತೆಂದು ತಿಳಿದು ಐತಪ್ಪನವರು ನೀರು ತರಿಸಿ ಕೊಟ್ಟರು.

ಅವರು ಬಿಡಾರಕ್ಕೆ ಹೋದ ಮೇಲೆ ನಾನು ಊರ ಹಿರಿಯ ಜಕ್ಕಪ್ಪನನ್ನು ಕಣಜದ ಸಂದಿಗೆ ಕರೆದುಕೊಂಡು ಹೋಗಿ, ನಾನೇ ಮೆತ್ತಿದ ಮಣ್ಣನ್ನು ಕೆರೆದು, ಅವನ ತೋಳನ್ನು ಹಿಡಿದು ಒಳಗೆ ಹಾಕಿಸಿದೆ. ಅವನು ಬಹಳ ಹೊತ್ತು ತೋಳು ಹೊರಗೆ ತೆಗೆಯಲೇ ಇಲ್ಲ. ತೆಗೆದಾಗ ಭುಜದವರೆಗೆ ಬೂದು ಬಣ್ಣ. ಅದನ್ನು ಕೊಡವಿಕೊಳ್ಳುತ್ತಾ ಮೆಲ್ಲಗೆ ಹೇಳಿದ: "ಹಾಲವ್ವಾ, ಗೆರಿ ಸುಳ್ಳಂತ ತಿಳಿದ್ರ ನಮ್ಮ ಮಾತಿಗೆ ಮುಂದ ಯಾರೂ ಹಿಡಿ ಅಕ್ಕಿ ಕೊಡಂಗಿಲ್ಲ. ಕಿಂಡಿ ಮುಚ್ಚು. ಮ್ಯಾಲಿಂದು ಒಂದೀಟು ಕೊಟ್ಟು, ಹಾದಿ ಸರಿ ಇಲ್ಲಂತ ಹೇಳಿ ಕಳಸೋಣು." ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹನ್ನೊಂದು ವರ್ಷ ನಾನು ನನಗೇ ಹೇಳಿಕೊಂಡದ್ದನ್ನು ಅವನು ಒಂದು ಗಳಿಗೆಯಲ್ಲಿ ಹೇಳಿದ, ಅಷ್ಟೆ.

ಮರುದಿನ ಬೆಳಿಗ್ಗೆ ಊರನ್ನು ಸೇರಿಸಿದೆ. ಐತಪ್ಪನವರನ್ನೂ ಕರೆದೆ. ಕಟ್ಟೆ ಹತ್ತಿ ಬೇಗ ಹೇಳಿ ಮುಗಿಸಿದೆ: "ಗೆರಿ ಖರೇ ಅಲ್ಲ. ನಡುವಿನ ಉಣ್ಣಿ ಹುಡಿ ಆಗೇತಿ. ಇಪ್ಪತ್ತೆರಡು ಕತ್ತರಿಯಿಂದ ನನಗ ಗೊತ್ತೈತಿ, ನಾ ಹೇಳಲಿಲ್ಲ."

ಬಯ್ಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಗಲಾಟೆ ಎದ್ದಿತು. ಒಬ್ಬನು ನನ್ನ ಕಾಲ ಬಳಿ ಉಗುಳಿದ. ಇಬ್ಬರು ಹೆಂಗಸರು ನನ್ನನ್ನು ಬಿಟ್ಟು ಜಕ್ಕಪ್ಪನನ್ನು ಬಯ್ದರು. ಐತಪ್ಪನವರು ಮಾತ್ರ ನೇರವಾಗಿ ಕಣಜಕ್ಕೆ ಹೋಗಿ, ತೋಳು ಹಾಕಿ ನೋಡಿ ಬಂದು, ಕೆಟ್ಟದ್ದೆಷ್ಟು ಎಂದು ಕೇಳಲಿಲ್ಲ. ಒಳ್ಳೆಯದು ಎಷ್ಟಿದೆ ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ಊರು ಜಗಳ ಮರೆಯಿತು.

ಹದಿಮೂರು ದಿನ ನಾವು ಮಾಡಿದ್ದು ಇದು. ಮೇಲಿನ ಆರು ಮೊಳ ಉಣ್ಣೆ ಗಟ್ಟಿಯಾಗಿತ್ತು, ಅದನ್ನು ಇಳಿಸಿ ಬಿಸಿಲಿಗೆ ಹಾಕಿ ಝಾಡಿಸಿದೆವು, ಹದಿನಾಲ್ಕು ಬಂಡಿಯಷ್ಟಾಯಿತು. ಅದರ ಕೆಳಗಿನದನ್ನೆಲ್ಲ ಸಲಿಕೆಯಿಂದ ಎತ್ತಿ ಹೊಲಕ್ಕೆ ಸುರಿದೆವು, ಕಣಜದ ನೆಲ ಕಾಣುವ ತನಕ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೂ ಇನ್ನೂ ಕೆಮ್ಮುತ್ತಿದ್ದೇವೆ. ಮನೆ ಮನೆಯಿಂದ ಕಂಬಳಿ, ಕುಪ್ಪಸ, ಜೋಳಿಗೆ, ತೊಟ್ಟಿಲ ಹಾಸು ಎಲ್ಲ ತಂದು ಹಾಕಿದರು, ಒಂಬತ್ತು ಬಂಡಿ. ಈ ಚಳಿಯಲ್ಲಿ ಊರಿಗೆ ಊರೇ ಮೈಗೆ ಗೋಣಿ ಸುತ್ತಿಕೊಂಡು ಓಡಾಡುತ್ತಿದೆ. ಕುರಿಗಳನ್ನು ಈಗ ಕತ್ತರಿಸಿದರೆ ಸಾಯುತ್ತವೆ ಎಂದು ಕುರಿಗಾರರು ಹಟ ಹಿಡಿದರು, ಅವರ ಮಾತು ಸರಿಯೇ. ಕೊನೆಗೆ ಟಗರುಗಳನ್ನು ಮಾತ್ರ ಕತ್ತರಿಸಿ, ಮನೆಯೊಳಗೆ ಒಲೆಯ ಪಕ್ಕ ಕಟ್ಟಿಕೊಂಡಿದ್ದೇವೆ. ಹದಿಮೂರು ಬಂಡಿ. ಇಪ್ಪತ್ತು ಟಗರು ಆಗಲೇ ಸತ್ತಿವೆ. ಒಟ್ಟು ಮೂವತ್ತಾರು.

ಐತಪ್ಪನವರ ಬಳಿ ತಂಪುಗೂಡುಗಳ ಪಟ್ಟಿ ಇದೆ. ಹೆಚ್ಚು ಬೀಜ ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ನ್ಯಾಯವಾಗಿಯೇ ಬರೆದ ಪಟ್ಟಿ ಅದು, ಒಂದೊಂದು ಬೀಜದ ಗೂಡಿನ ಹಿಂದೆ ಸಾವಿರಾರು ಬಾಯಿಗಳಿವೆ. ಮೂವತ್ತಾರು ಬಂಡಿ ಹತ್ತು ಗೂಡುಗಳಿಗೆ ಸರಿಹೋಗುತ್ತದೆ. ಹನ್ನೊಂದನೆಯದು ತೇಲುಕೊಪ್ಪ. ಅದಕ್ಕೆ ನಾಲ್ಕು ಬಂಡಿ ಬೇಕು. ಬೇರೆ ಹತ್ತರಿಂದ ಒಂದೊಂದು ಹಿಡಿ ತೆಗೆಯೋಣವೆಂದು ಕೇಳಿದೆ. ಗೋಡೆ ತೆಳುವಾದರೆ ಹನ್ನೊಂದೂ ಹೋಗುತ್ತವೆ ಎಂದು ಅವರು ವಿವರಿಸಿ ಹೇಳಿದರು. ಹೇಳುವಾಗ ಅವರ ಕಣ್ಣು ತುಂಬಿತ್ತು. ಮುತ್ತಿಯನ್ನು ಅವರೂ ಎತ್ತಿ ಆಡಿಸಿದವರು.

ಇನ್ನು ಉಳಿದಿರುವುದು ನಿಮ್ಮ ಹಗೇವು. ನಾಲ್ಕು ಬಂಡಿಗಾಗುವಷ್ಟು ಅದರಲ್ಲಿ ಇರಬೇಕು. ಅದರ ಚಪ್ಪಡಿಯ ಮೇಲೆ ನೀವು ಕೆತ್ತಿಸಿದ್ದೀರಿ: "ಇದು ನಮ್ಮ ಉಣ್ಣೆ. ನಮ್ಮನ್ನು ಕೇಳದೆ ತೆಗೆಯಬಾರದು." ತಲೆಮಾರುಗಳಿಂದ ಈ ಸಾಲಿನ ಮೇಲೆ ವಾದ ನಡೆದಿದೆ. ಸತ್ತವರನ್ನು ಕೇಳುವುದು ಹೇಗೆ? ಕೇಳಲು ಆಗದ್ದರಿಂದ ತೆಗೆಯಲೂ ಆಗದು ಎಂದು ಎಲ್ಲರೂ ಒಪ್ಪಿದ್ದರು. ನಿನ್ನೆ ನಾನು ಕೂಟದಲ್ಲಿ ಎದ್ದು, ಕೇಳುತ್ತೇನೆ, ಬರೆದು ಕೇಳುತ್ತೇನೆ ಎಂದೆ. ಮೊಮ್ಮಗಳಿಗೋಸ್ಕರ ಹಿರಿಯರ ಹೊದಿಕೆ ಎಳೆಯಲು ಹೊರಟಿದ್ದಾಳೆ ಎಂದು ಒಬ್ಬರು ಅಂದರು. ಹೌದು, ಮೊಮ್ಮಗಳಿಗೋಸ್ಕರವೇ ಎಂದೆ. ಬರೆದು ಕೇಳಿದ ಮೇಲೆ ಚಪ್ಪಡಿ ಎತ್ತಬಹುದೆಂದು ಕೂಟ ಒಪ್ಪಿತು. ನಮ್ಮ ಕಣಜದಲ್ಲಿ ಕೆಳಗೆ ಹೋದಷ್ಟೂ ಹಿಂದಿನ ಕಾಲ. ಚಪ್ಪಡಿಗಳ ನಡುವೆ ಬೆರಳಗಲದ ಬಿರುಕಿದೆ. ಈ ಪತ್ರವನ್ನು ಸುತ್ತಿ ಅಲ್ಲಿಂದ ಕೆಳಗೆ ಬಿಡುತ್ತೇನೆ. ನಿಮಗೆ ತಲುಪಲು ನನಗೆ ತಿಳಿದ ದಾರಿ ಅದೊಂದೇ.

ನಾಳೆ ಬೆಳಿಗ್ಗೆ ಚಪ್ಪಡಿ ಎತ್ತುತ್ತೇವೆ. ಹಗೇವಿನ ಕೆಟ್ಟ ಗಾಳಿ ಹೋಗಲೆಂದು ಮಧ್ಯಾಹ್ನದವರೆಗೆ ಬಾಯಿ ತೆರೆದಿಟ್ಟು, ಆಮೇಲೆ ನಾನು ಇಳಿಯುತ್ತೇನೆ. ನಾಳಿದ್ದು ಬಂಡಿಗಳು ಬರುತ್ತವೆ. ನಿಮ್ಮ ಅಪ್ಪಣೆಗೆ ಕಾಯಲು ಸಮಯವಿಲ್ಲ, ಕೇಳಿದ್ದೇನೆ ಎಂಬುದನ್ನಷ್ಟೇ ಗಮನಕ್ಕೆ ತಂದುಕೊಳ್ಳಿ.

ನಿಮ್ಮ ಅಪ್ಪಣೆಯ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಕಷ್ಟದಲ್ಲಿರುವ ಮಗುವಿಗೆ ಕಂಬಳಿ ಕೊಡುವುದಿಲ್ಲ ಎನ್ನುವ ಜನ ನೀವಲ್ಲ. ನಾನು ಹೆದರುವುದು ಬೇರೆಯದಕ್ಕೆ. ತೆಗೆಯಬಾರದು ಎಂದು ನೀವು ಯಾಕೆ ಕೆತ್ತಿದಿರಿ? ಒಳಗಿರುವುದು ಬೆಲೆಯುಳ್ಳದ್ದು, ಪೋಲಾಗದಿರಲಿ ಎಂದೋ? ಅಥವಾ ನಿಮ್ಮಲ್ಲೂ ನನ್ನಂಥವಳೊಬ್ಬಳು ಇದ್ದಳೋ? ನೆನೆದ ಉಣ್ಣೆಯನ್ನು ಅವಸರದಲ್ಲಿ ತುರುಕಿ, ಮರುವರ್ಷ ತೋಳು ಹಾಕಿ ನೋಡಿ, ಯಾರೂ ತೆರೆಯದಿರಲೆಂದು ಕಲ್ಲು ಕೆತ್ತಿಸಿದಳೋ? ನಾನು ಮಣ್ಣು ಮೆತ್ತಿದವಳು, ಅದಕ್ಕೇ ನನಗೆ ಹೀಗೆಲ್ಲ ತೋಚುತ್ತದೆ. ಹಗೇವಿನೊಳಗೆ ಕಂಬಳಿ ಇದೆಯೋ ಹುಡಿ ಇದೆಯೋ ಎಂದು ಚಪ್ಪಡಿಗೆ ಕಿವಿಯಿಟ್ಟೂ ಕೇಳಿದೆ. ಹುಚ್ಚು ನೋಡಿ, ಉಣ್ಣೆ ಮಾತಾಡುತ್ತದೆಯೇ.

ಆದರೆ ಬರೆಯುತ್ತಾ ಬರೆಯುತ್ತಾ ನನಗೊಂದು ಹೊಳೆದಿದೆ. ಈ ಪತ್ರ ನಿಜವಾಗಿಯೂ ನಿಮ್ಮ ಕೈ ಸೇರಿದರೆ, ನೀವು ಅದನ್ನು ಓದುವಾಗ ಹಗೇವು ಇನ್ನೂ ತುಂಬಿರಲಿಕ್ಕಿಲ್ಲ. ಉಣ್ಣೆ ಇನ್ನೂ ನಿಮ್ಮ ಕುರಿಗಳ ಮೈಮೇಲೆಯೇ ಇರಬಹುದು, ಇಲ್ಲವೇ ಯಾವುದೋ ದಾರಿ ಬದಿಯಲ್ಲಿ ಬಿದ್ದಿರಬಹುದು. ಹಾಗಿದ್ದರೆ ಅಪ್ಪಣೆ ಬೇಡ, ಒಂದು ಕೆಲಸ ಮಾಡಿಕೊಡಿ. ಬಿದ್ದಿರುವ ಉಣ್ಣೆಯನ್ನು ಆರಿಸಿ ತನ್ನಿ. ಕೊಳೆ ಹೋಗುವಂತೆ ತೊಳೆಯಿರಿ. ಮೂರು ಬಿಸಿಲು ಕಾಣಿಸಿ, ಎರಡೇ ಸಾಕು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹಗೇವಿನ ಗೋಡೆಗೆ ಬೂದಿ ಬಳಿಯಿರಿ. ಒಂದೊಂದು ಕಂಬಳಿಯ ನಡುವೆ ಬೇವಿನ ಸೊಪ್ಪು ಒಣಗಿಸಿ ಹರವಿ, ಜಿಪುಣತನ ಮಾಡಬೇಡಿ. ಬಾಯಿ ಮುಚ್ಚುವ ಮೊದಲು ನಿಮ್ಮಲ್ಲಿ ಯಾರಾದರೂ ಒಬ್ಬರು ತಳದವರೆಗೆ ತೋಳು ಹಾಕಿ, ಬೆಚ್ಚಗಿದೆಯೋ ತಣ್ಣಗಿದೆಯೋ ನೋಡಿ. ಬೆಚ್ಚಗಿದ್ದರೆ ಎಲ್ಲವನ್ನೂ ಹೊರತೆಗೆದು ಮತ್ತೆ ಒಣಗಿಸಿ. ಬೇಸರವಾಗುತ್ತದೆ, ಬೆನ್ನು ನೋಯುತ್ತದೆ, ಯಾರಿಗಾಗಿ ಇದೆಲ್ಲ ಎನಿಸುತ್ತದೆ.

ಅವಳಿಗೆ ಒಂಬತ್ತು ವರ್ಷ. ಮುಂದಿನ ಎರಡು ಹಲ್ಲು ಈಗಷ್ಟೇ ಪೂರ್ತಿ ಬಂದಿವೆ. ಸೂಜಿ ಚುಚ್ಚುವಾಗ ಅಳುವುದಿಲ್ಲ, ನನ್ನ ಮಗಳೇ ಮುಖ ತಿರುಗಿಸುತ್ತಾಳೆ. ನಾಳೆ ಮಧ್ಯಾಹ್ನ ಆ ಕತ್ತಲಲ್ಲಿ ನನ್ನ ಕೈಗೆ ಏನು ಸಿಗುತ್ತದೆ ಎಂಬುದು ಇವತ್ತು ನಿಮ್ಮ ಕೈಯಲ್ಲಿದೆ. ದಯವಿಟ್ಟು ಚೆನ್ನಾಗಿ ಒಣಗಿಸಿ.

ನಿಮ್ಮ ಮೇಲೆ ನಿಂತಿರುವ,
ಹಾಲವ್ವ